ಮನೆಯ ಈಜುಕೊಳಕ್ಕೆ ಬಾಂಡಿಂಗ್: ಕಂಬಿ, ಜಾಲರಿ, ಒಂಟಿ ತಂತಿ, ಯಾವುದು ನಿಮಗೆ?

ಈಜುಕೊಳ ಕಟ್ಟಿಸುವವರು ಟೈಲ್ಸ್ ಬಣ್ಣಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಆ ಟೈಲ್ಸ್ ಕೆಳಗೆ ಹೋಗಬೇಕಾದ ತಾಮ್ರದ ತಂತಿಯ ಮಾತು ಬಂದರೆ ಮಾತ್ರ "ಅದೆಲ್ಲ ಎಲೆಕ್ಟ್ರಿಷಿಯನ್ ನೋಡ್ಕೋತಾನೆ ಬಿಡಿ" ಅಂದುಬಿಡುತ್ತಾರೆ. ಎಲೆಕ್ಟ್ರಿಷಿಯನ್ ಬರುವ ಹೊತ್ತಿಗೆ ಮೇಸ್ತ್ರಿ ಕಾಂಕ್ರೀಟ್ ಸುರಿದು ಹೋಗಿರುತ್ತಾನೆ.

ನನ್ನನ್ನು ಕೇಳುವವರ ಗೊಂದಲ ಹೆಚ್ಚುಕಡಿಮೆ ಒಂದೇ ಥರ. ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಡಿ ಹಾಕಿಸಿದ್ದೇವಲ್ಲ, ಇನ್ನು ಬಾಂಡಿಂಗ್, ಅಂದರೆ ಎಲ್ಲವನ್ನೂ ತಾಮ್ರದ ತಂತಿಯಿಂದ ಒಂದಕ್ಕೊಂದು ಕಟ್ಟುವುದು, ಯಾಕೆ? ಕೊಳದ ಪಕ್ಕ ಒಂದು ಅರ್ಥ್ ರಾಡ್ ಹೊಡೆದರೆ ಆಗಲ್ವಾ? ಒಬ್ಬರು ಸುತ್ತ ಒಂದೇ ತಂತಿ ಸಾಕು ಅಂತಾರೆ, ಇನ್ನೊಬ್ಬರು ಪೂರ್ತಿ ತಾಮ್ರದ ಜಾಲರಿ ಬೇಕೇ ಬೇಕು ಅಂತಾರೆ, ಯಾರನ್ನು ನಂಬೋದು? ಲೈಟು 12 ವೋಲ್ಟಿನದೋ, ಮೇನ್ಸ್ ಕರೆಂಟಿನದೋ?

ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಆರ್‌ಸಿಡಿಯನ್ನು ನಾಳೆ ಬದಲಾಯಿಸಬಹುದು. ಲೈಟನ್ನು ಮುಂದಿನ ವರ್ಷ ಬದಲಾಯಿಸಬಹುದು. ಕಾಂಕ್ರೀಟ್ ಕೆಳಗೆ ಹೋದದ್ದನ್ನು ಒಡೆಯದೆ ಮುಟ್ಟಲು ಆಗುವುದಿಲ್ಲ. ಬಜೆಟ್ ಎಷ್ಟೇ ಇರಲಿ, ಮೊದಲ ದುಡ್ಡು ಅಲ್ಲಿಗೇ ಹೋಗಬೇಕು.

ಅರ್ಥಿಂಗ್ ಬೇರೆ, ಬಾಂಡಿಂಗ್ ಬೇರೆ

ಎರಡಕ್ಕೂ ಹಸಿರು ತಂತಿಯನ್ನೇ ಬಳಸುವುದರಿಂದ ಜನ ಇವೆರಡೂ ಒಂದೇ ಅಂದುಕೊಳ್ಳುತ್ತಾರೆ. ಅರ್ಥಿಂಗ್ ಎಂದರೆ ಮೋಟಾರಿನ ಒಳಗೆ ತಂತಿ ಸುಟ್ಟು ಅದರ ಲೋಹದ ಹೊರಮೈಗೆ ಕರೆಂಟ್ ಬಂದಾಗ, ಆ ಕರೆಂಟ್ ವಾಪಸ್ ಹೋಗಲು ಸಲೀಸಾದ ದಾರಿ. ದಾರಿ ಸಲೀಸಾಗಿದ್ದರೆ ಜೋರಾಗಿ ಹರಿದು ಬ್ರೇಕರ್ ಬೀಳುತ್ತದೆ. ಬಾಂಡಿಂಗ್‌ಗೆ ಬ್ರೇಕರ್ ಬೀಳಿಸುವ ಕೆಲಸ ಇಲ್ಲ. ನಿಮ್ಮ ಕೈ, ಕಾಲು, ಮೈ ಮುಟ್ಟುವ ಎಲ್ಲವನ್ನೂ, ಅಂದರೆ ಏಣಿ, ನೀರು, ಕಾಲ ಕೆಳಗಿನ ನೆಲ, ಪಂಪು, ಇವನ್ನೆಲ್ಲ ಒಂದಕ್ಕೊಂದು ಕಟ್ಟಿ ಒಂದೇ ವೋಲ್ಟೇಜಿನಲ್ಲಿ ಇಡುವುದಷ್ಟೇ ಅದರ ಕೆಲಸ. ಗದ್ದೆ ಸಮ ಮಾಡಿದ ಹಾಗೆ. ಏರುತಗ್ಗು ಇಲ್ಲದ ಕಡೆ ನೀರು ಎಲ್ಲಿಗೂ ಹರಿಯುವುದಿಲ್ಲ, ವೋಲ್ಟೇಜಿನಲ್ಲಿ ವ್ಯತ್ಯಾಸ ಇಲ್ಲದ ಕಡೆ ಕರೆಂಟ್ ನಿಮ್ಮ ಮೈಮೇಲೆ ಹರಿಯುವುದಿಲ್ಲ.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದ ಅಲ್ಲ. ಒಮ್ಮೆ ನೆಂಟರ ಮನೆಯ ಕೊಳದಲ್ಲಿ ಎದೆಮಟ್ಟ ನೀರಿನಲ್ಲಿ ನಿಂತು ಏಣಿಯ ಸ್ಟೀಲ್ ಕಂಬಿ ಹಿಡಿದೆ. ಬೆರಳ ಸಂದಿನಲ್ಲಿ ಜುಮ್ ಅಂದಿತು, ಇರುವೆ ಹರಿದ ಹಾಗೆ. ಕೈ ತೆಗೆದೆ, ಹೋಯಿತು. ಮತ್ತೆ ಹಿಡಿದೆ, ಮತ್ತೆ ಜುಮ್. ಬೋರ್ಡಿನಲ್ಲಿ ಆರ್‌ಸಿಡಿ ಬಿದ್ದಿರಲಿಲ್ಲ. ಎಲ್ಲರನ್ನೂ ಮೇಲೆ ಬರಹೇಳಿ, ನೀರಿಗೂ ಏಣಿಗೂ ನಡುವೆ ಮೀಟರ್ ಇಟ್ಟರೆ ನಾಲ್ಕು ವೋಲ್ಟ್ ಚಿಲ್ಲರೆ. ಹಿಂದಿನ ತಿಂಗಳಷ್ಟೇ ಪಂಪ್ ಬದಲಾಯಿಸಿದ್ದರು. ಪಂಪ್ ಮನೆಯಲ್ಲಿ ಬಗ್ಗಿ ನೋಡಿದರೆ ಮೋಟಾರಿನ ಹಿಂದೆ ದಪ್ಪ ತಾಮ್ರದ ತಂತಿಯೊಂದು ಸುಮ್ನೆ ನೇತಾಡುತ್ತಿತ್ತು. ತುದಿಗೆ ಇನ್ಸುಲೇಷನ್ ಟೇಪ್ ಬೇರೆ, ಅಚ್ಚುಕಟ್ಟಾಗಿ ಸುತ್ತಿತ್ತು. ಹೊಸ ಮೋಟಾರಿನ ಬಾಡಿ ಮೇಲೆ ಅದಕ್ಕೆಂದೇ ಒಂದು ತಿರುಪು ಖಾಲಿ ಕೂತಿತ್ತು.

ನಡೆದದ್ದು ಇಷ್ಟೇ. ಪಂಪಿಗೆ ಮನೆಯ ಅರ್ಥ್ ತಂತಿ ಇತ್ತು. ಆ ಅರ್ಥ್ ತಂತಿಯಲ್ಲೇ ನಾಲ್ಕು ವೋಲ್ಟ್ ಕೂತಿತ್ತು, ಲೈನಿನ ನ್ಯೂಟ್ರಲ್ ಕಡೆಯಿಂದ ಬಂದದ್ದು. ಪಂಪಿನ ಮೂಲಕ ಅದು ನೀರಿಗೆ ಬಂತು. ಏಣಿ ಮಾತ್ರ ನೆಲದ ವೋಲ್ಟೇಜಿನಲ್ಲೇ ಇತ್ತು. ನಡುವೆ ನಾನು. ಆ ತಂತಿಯನ್ನು ತಿರುಪಿಗೆ ಬಿಗಿದ ಕೂಡಲೇ ಮೀಟರ್ ಸೊನ್ನೆಗೆ ಇಳಿಯಿತು. ನಾಲ್ಕು ವೋಲ್ಟ್ ಎಲ್ಲಿಗೂ ಓಡಿಹೋಗಲಿಲ್ಲ. ಏಣಿ, ನೀರು, ನೆಲ ಎಲ್ಲವೂ ಒಟ್ಟಿಗೆ ಮೇಲೆದ್ದವು, ಅಷ್ಟೇ.

ಯಾವುದನ್ನು ನೋಡಿ ಆರಿಸಬೇಕು

ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಒಂದು, ಈ ಉಪಾಯ ನಮ್ಮ ಮನೆಯೊಳಗಿನ ದೋಷವನ್ನು ಮಾತ್ರ ತಡೆಯುತ್ತದೋ, ಹೊರಗಿನ ಲೈನಿನಿಂದ ಬರುವ ವೋಲ್ಟೇಜನ್ನೂ ತಡೆಯುತ್ತದೋ? ಎರಡು, ಹತ್ತು ವರ್ಷ ಒದ್ದೆ ಮಣ್ಣಿನಲ್ಲಿ, ಕ್ಲೋರಿನ್ ನೀರಿನ ಪಕ್ಕ ಬಿದ್ದಿದ್ದರೂ ಕೆಲಸ ಮಾಡುತ್ತದೋ? ಮೂರು, ಆಮೇಲೆ ಸೇರಿಸಲು ಆಗುತ್ತದೋ, ಇಲ್ಲ ಈಗಲೇ ಮಾಡಬೇಕೋ? ಖರ್ಚಿನದು ನಾಲ್ಕನೆಯದು. ಮೊದಲ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಅದು ತಾನಾಗಿ ಚಿಕ್ಕದಾಗುತ್ತದೆ.

ಆರ್‌ಸಿಡಿ ಒಂದೇ ಸಾಕಾ?

ಬೇಕೇ ಬೇಕು. ಆದರೆ ಅದೊಂದೇ ಸಾಲದು.

ಆರ್‌ಸಿಡಿ ಹೋಗುವ ಕರೆಂಟನ್ನೂ ಬರುವ ಕರೆಂಟನ್ನೂ ಹೋಲಿಸಿ ನೋಡುತ್ತದೆ. ವ್ಯತ್ಯಾಸ ಬಂದರೆ ಲೈನ್ ಕಡಿಯುತ್ತದೆ. ಇದರಲ್ಲಿ ಎರಡು ತೊಡಕು. ಮೊದಲನೆಯದು, 30 ಮಿಲಿಆಂಪಿನ ಆರ್‌ಸಿಡಿ 15 ಮಿಲಿಆಂಪಿನವರೆಗೂ ಬೀಳಬೇಕಿಲ್ಲ, ಅದನ್ನು ಮಾಡಿರುವುದೇ ಹಾಗೆ. ಮನುಷ್ಯನಿಗೆ ಸುಮಾರು 10 ಮಿಲಿಆಂಪಿಗೇ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲು ಆಗುವುದಿಲ್ಲ. ನೆಲದ ಮೇಲೆ ಆದರೆ ಯಾರಾದರೂ ಬಂದು ಬಿಡಿಸಬಹುದು. ನೀರಿನಲ್ಲಿ ಕೈಕಾಲು ಆಡದಿದ್ದರೆ ಮುಳುಗುತ್ತಾರೆ. ಎರಡನೆಯದು, ನಾನು ಮೇಲೆ ಹೇಳಿದಂಥ ಹೊರಗಿನ ವೋಲ್ಟೇಜ್ ಆರ್‌ಸಿಡಿಯ ಕಣ್ಣಿಗೆ ಬೀಳುವುದೇ ಇಲ್ಲ. ಅದು ಆರ್‌ಸಿಡಿ ಕಾಯುವ ತಂತಿಗಳಲ್ಲಿ ಬರುವುದಿಲ್ಲ, ಅರ್ಥ್ ತಂತಿಯಲ್ಲಿ ಬರುತ್ತದೆ.

ಹಾಗಾದರೆ ಎಷ್ಟರದು ತಗೊಳ್ಳೋದು? ಅಮೆರಿಕದಲ್ಲಿ ಕೊಳಕ್ಕೆ ಹಾಕುವ ಜಿಎಫ್‌ಸಿಐ (ಆರ್‌ಸಿಡಿಯಂಥದ್ದೇ) 4ರಿಂದ 6 ಮಿಲಿಆಂಪಿಗೇ ಬೀಳುತ್ತದೆ. ಅಂತಾರಾಷ್ಟ್ರೀಯ ಐಇಸಿ ನಿಯಮ ನಡೆಯುವ ಕಡೆ 30 ಮಿಲಿಆಂಪ್ ಸಾಮಾನ್ಯ, 10ರದೂ ಸಿಗುತ್ತದೆ. ಕೊಳದ ಬಳಿಯ ಸಾಕೆಟ್ಟಿಗೆ, ಒಂಟಿ ಲೈಟಿನ ಸರ್ಕ್ಯೂಟಿಗೆ ನಾನಾದರೆ 10ರದನ್ನೇ ಹಾಕಿಸುತ್ತೇನೆ. ನೀರು ಬಿಸಿ ಮಾಡುವ ಹೀಟ್ ಪಂಪಿಗೆ, ವೇಗ ಬದಲಾಗುವ ಪಂಪಿಗೆ ಅದು ಕಿರಿಕಿರಿ. ಅವುಗಳ ಎಲೆಕ್ಟ್ರಾನಿಕ್ಸ್‌ನಲ್ಲಿ ಸಹಜವಾಗಿಯೇ ಸ್ವಲ್ಪ ಸೋರಿಕೆ ಇರುತ್ತದೆ, ಸುಮ್ನೆ ಸುಮ್ನೆ ಬೀಳುತ್ತದೆ. ಸುಮ್ನೆ ಬೀಳುವ ಆರ್‌ಸಿಡಿಯನ್ನು ಒಂದು ದಿನ ಯಾರೋ ಬೈಪಾಸ್ ಮಾಡಿಬಿಡುತ್ತಾರೆ. ಅದಕ್ಕಿಂತ ಪಂಪಿಗೇ ಬೇರೆಯಾದ 30ರದು ವಾಸಿ.

ಇನ್ನೊಂದು ಮಾತು. ವೇಗ ಬದಲಾಗುವ ಪಂಪ್ ಇದ್ದರೆ ಅಗ್ಗದ ಎಸಿ ಟೈಪ್ ಆರ್‌ಸಿಡಿ ತರಬೇಡಿ. ವೇಗ ಬದಲಾಯಿಸುವ ಡ್ರೈವ್‌ನಿಂದ ಬರುವ ಡಿಸಿ ಬೆರೆತ ಸೋರಿಕೆಯನ್ನು ಅದು ಹಿಡಿಯದೇ ಹೋಗಬಹುದು. ಎ, ಎಫ್, ಬಿ ಟೈಪ್‌ಗಳಲ್ಲಿ ಯಾವುದು ಬೇಕು ಅಂತ ಪಂಪಿನ ಪುಸ್ತಕದಲ್ಲೇ ನೋಡಿ.

ಅರ್ಥ್ ರಾಡ್ ಹೊಡೆದರೆ?

ಇದು ಎಲ್ಲಕ್ಕಿಂತ ಜಾಸ್ತಿ ಜನ ನಂಬಿರುವ ಮಾತು, ಲೆಕ್ಕ ಮಾಡಿದರೆ ಬಿದ್ದುಹೋಗುವ ಮಾತೂ ಇದೇ. ರಾಡಿಗೂ ಮಣ್ಣಿಗೂ ನಡುವೆ 20 ಓಮ್ ಇದೆ ಅಂದುಕೊಳ್ಳಿ, ಅದು ಒಳ್ಳೆಯ ರಾಡೇ. ಪಂಪಿಗೆ ಸರಿಯಾದ ಅರ್ಥ್ ತಂತಿ ಇಲ್ಲದೆ ಬರೀ ಆ ರಾಡ್ ಇದೆ, ಅದರ ಹೊರಮೈಗೆ 230 ವೋಲ್ಟ್ ತಗುಲಿತು. 230ನ್ನು 20ರಿಂದ ಭಾಗಿಸಿದರೆ 11.5 ಆಂಪ್. 16 ಆಂಪಿನ ಎಂಸಿಬಿ (ಬೋರ್ಡಿನ ಬ್ರೇಕರ್) ಇದನ್ನು ದಿನವಿಡೀ ಹೊತ್ತುಕೊಂಡು ಕೂರುತ್ತದೆ, ಬೀಳುವುದಿಲ್ಲ. ಅಷ್ಟು ಹೊತ್ತೂ ಪಂಪಿನ ಬಾಡಿ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜಿನಲ್ಲಿ ನಿಂತಿರುತ್ತದೆ.

ಎಂಸಿಬಿ ಜೊತೆಗೆ ಆರ್‌ಸಿಡಿಯೂ ಇದ್ದರೆ ಅದು ಬೀಳುತ್ತದೆ, ನಿಜ. ಆದರೂ ಏಣಿಗೂ ನೆಲಕ್ಕೂ ನಡುವಿನ ವ್ಯತ್ಯಾಸ ತೆಗೆಯಲು ರಾಡಿನಿಂದ ಆಗುವುದಿಲ್ಲ. ಬಾಂಡಿಂಗ್ ತಂತಿಯನ್ನು ಯಾವುದೋ ರಾಡಿಗೆ ಕೊಂಡೊಯ್ದು ಕಟ್ಟಲೇಬೇಕು ಅಂತಲೂ ಇಲ್ಲ. ಎಷ್ಟೋ ಕಡೆ ಎಲ್ಲ ದುಡ್ಡೂ ರಾಡಿಗೆ ಸುರಿದು, ಏಣಿಯಿಂದ ಪಂಪಿಗೆ ಒಂದು ತಂತಿಯನ್ನೂ ಎಳೆದಿರುವುದಿಲ್ಲ.

ಸರಬರಾಜಿನಲ್ಲಿ ನ್ಯೂಟ್ರಲ್ಲೂ ಅರ್ಥೂ ಒಂದೇ ತಂತಿಯಲ್ಲಿ ಬರುವ ಕಡೆ ಮಾತ್ರ ಎಚ್ಚರ ಬೇಕು. ಅಲ್ಲಿ ಹೊರಗೆ ನ್ಯೂಟ್ರಲ್ ಕಡಿದರೆ ಮನೆಯ ಅರ್ಥ್‌ಗೇ ವೋಲ್ಟೇಜ್ ಏರಬಹುದು. ಅಂಥ ಕಡೆ ಕೊಳಕ್ಕೆ ಬೇರೆ ಅರ್ಥ್ ವ್ಯವಸ್ಥೆಯೋ, ನೆಲದೊಳಗೆ ಲೋಹದ ಹಾಸೋ ಬೇಕಾಗುತ್ತದೆ. ಇದನ್ನು ಸ್ಥಳ ನೋಡಿದ ಇಂಜಿನಿಯರ್ ಹೇಳಬೇಕು.

ನೆಲದೊಳಗಿನ ಮೂರು ದಾರಿ

ನಿಜವಾದ ಆಯ್ಕೆ ಇರುವುದು ಇಲ್ಲಿ. ಕೊಳದ ಅಂಚಿನ ಸುತ್ತ ಸುಮಾರು 1 ಮೀಟರ್ ಅಗಲದ ನೆಲವನ್ನು ಕೊಳದ ಜೊತೆ ಒಂದೇ ವೋಲ್ಟೇಜಿಗೆ ತರಬೇಕು. ಒದ್ದೆ ಕಾಲಲ್ಲಿ ನಿಂತು ಏಣಿ ಹಿಡಿಯುವುದು, ಅಂಚಿನಲ್ಲಿ ಕೂತು ನೀರಿಗೆ ಕಾಲು ಬಿಡುವುದು ಆ ಪಟ್ಟಿಯಲ್ಲೇ. ಅಮೆರಿಕದ ರಾಷ್ಟ್ರೀಯ ಎಲೆಕ್ಟ್ರಿಕಲ್ ಕೋಡ್‌ನ 680ನೇ ಅಧ್ಯಾಯ ಇದನ್ನು ವಿವರವಾಗಿ ಬರೆದಿರುವುದರಿಂದ ಅಲ್ಲಿನ ಅಳತೆಗಳನ್ನೇ ಕೊಡುತ್ತೇನೆ. ನಿಮ್ಮಲ್ಲಿ ಬೇರೆ ನಿಯಮ ಇದ್ದರೆ ಅದೇ ಮೊದಲು.

ಕಾಂಕ್ರೀಟ್ ಕೊಳವಾದರೆ ಕಬ್ಬಿಣದ ಕಂಬಿ ಹೇಗೂ ಹಾಕುತ್ತೀರಿ. ಅದನ್ನೇ ಬಾಂಡಿಂಗ್‌ಗೆ ಬಳಸುವುದು ಮೊದಲ ದಾರಿ. ಕಂಬಿಗಳನ್ನು ಮಾಮೂಲಿ ಬೈಂಡಿಂಗ್ ತಂತಿಯಲ್ಲಿ ಬಿಗಿಯಾಗಿ ಕಟ್ಟಿದ್ದರೆ ಸಾಕು, ವೆಲ್ಡಿಂಗ್ ಬೇಕಿಲ್ಲ. ಡೆಕ್‌ನ, ಅಂದರೆ ಕೊಳದ ಸುತ್ತ ಓಡಾಡುವ ನೆಲದ ಜಾಲರಿಯನ್ನೂ ಕೊಳದ ಕಂಬಿಯನ್ನೂ ತಾಮ್ರದ ತಂತಿಯಿಂದ ಸೇರಿಸಬೇಕು, ಕೊಳದ ಸುತ್ತ ಸಮ ಅಂತರದಲ್ಲಿ ಕಡಿಮೆ ಅಂದರೂ ನಾಲ್ಕು ಕಡೆ. ಖರ್ಚು ಎಂದರೆ ಕೆಲವು ಕ್ಲ್ಯಾಂಪು, ಸ್ವಲ್ಪ ತಂತಿ, ಅರ್ಧ ದಿನದ ಕೆಲಸ. ಇಷ್ಟು ಕಡಿಮೆಗೆ ಇಷ್ಟು ದೊಡ್ಡ ರಕ್ಷಣೆ ಬೇರೆಲ್ಲೂ ಸಿಗುವುದಿಲ್ಲ. ಒಂದೇ ತಕರಾರು: ತುಕ್ಕು ಹಿಡಿಯದಿರಲಿ ಅಂತ ಎಪಾಕ್ಸಿ ಬಳಿದ ಕಂಬಿ ತಂದಿದ್ದರೆ ಈ ದಾರಿ ಮುಚ್ಚಿತು. ಎಪಾಕ್ಸಿ ಕರೆಂಟ್ ಬಿಡುವುದಿಲ್ಲ. ಮೇಸ್ತ್ರಿಗೆ ಒಳ್ಳೆಯ ಕಂಬಿ, ಬಾಂಡಿಂಗ್‌ಗೆ ಇಲ್ಲದ ಕಂಬಿ.

ತಾಮ್ರದ ಜಾಲರಿ ಎರಡನೆಯದು. 30 ಸೆಂಟಿಮೀಟರ್ ಚೌಕಗಳಾಗಿ ತಂತಿ ಹಾಸಿ, ದಾಟುವ ಕಡೆಯೆಲ್ಲ ಜೋಡಿಸಿರುತ್ತಾರೆ. ಕಾಲು ಎಲ್ಲಿಟ್ಟರೂ ಹತ್ತಿರದಲ್ಲಿ ತಾಮ್ರ ಇರುತ್ತದೆ, ಅದೇ ಇದರ ಬಲ. ಖರ್ಚು ಜಾಸ್ತಿ, ಕೆಲಸವೂ ಜಾಸ್ತಿ. ಎಪಾಕ್ಸಿ ಕಂಬಿಯ ಕೊಳಕ್ಕೆ, ಡೆಕ್‌ನಲ್ಲಿ ಕಬ್ಬಿಣವೇ ಇಲ್ಲದೆ ಮರಳಿನ ಮೇಲೆ ಕಲ್ಲು ಹಾಸುವ ಕಡೆಗೆ, ಹೊರಗಿನ ಲೈನಿನಿಂದ ವೋಲ್ಟೇಜ್ ಬರುತ್ತದೆ ಅಂತ ಆಗಲೇ ಗೊತ್ತಿರುವ ಜಾಗಕ್ಕೆ ಇದು ಸರಿ.

ಒಂಟಿ ತಂತಿ ಮೂರನೆಯದು. 8 ಗೇಜಿನ, ಅಂದರೆ ಸುಮಾರು 3.3 ಮಿಲಿಮೀಟರ್ ದಪ್ಪದ ಒಂದೇ ಎಳೆಯ ಬರಿ ತಾಮ್ರದ ತಂತಿ. ಕೊಳದ ಒಳಗೋಡೆಯಿಂದ 45ರಿಂದ 60 ಸೆಂಟಿಮೀಟರ್ ದೂರದಲ್ಲಿ, ಡೆಕ್ ಕೆಳಗಿನ ಗಟ್ಟಿಮಾಡಿದ ಮಣ್ಣಿನಲ್ಲಿ 10ರಿಂದ 15 ಸೆಂಟಿಮೀಟರ್ ಆಳದಲ್ಲಿ ಕೊಳದ ಸುತ್ತ ಒಂದು ಸುತ್ತು. ಅಗ್ಗ, ಸುಲಭ, ಬೆಳಗ್ಗೆ ಶುರು ಮಾಡಿದರೆ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಆದರೆ ತಂತಿ ಒಂದು ಗೆರೆ, ಜಾಲರಿ ಒಂದು ಹಾಸು. ಗೆರೆಯಿಂದ ಅರ್ಧ ಮೀಟರ್ ಆಚೆ ನಿಂತವನ ಕಾಲ ಕೆಳಗಿನ ನೆಲ ಅಷ್ಟು ಚೆನ್ನಾಗಿ ಸಮವಾಗಿರುವುದಿಲ್ಲ. ಒಂದು ಕಡೆ ಯಾರೋ ಗಿಡ ನೆಡಲು ಗುದ್ದಲಿ ಹಾಕಿ ಕಡಿದರೂ ಗೊತ್ತಾಗುವುದಿಲ್ಲ. ಕಂಬಿಯ ದಾರಿ ಇದ್ದರೆ ಇದನ್ನು ಆರಿಸಬೇಡಿ ಅಂತಲೇ ನನ್ನ ಸಲಹೆ. ಆ ದಾರಿ ಇಲ್ಲದಾಗ, ಜಾಲರಿಗೆ ದುಡ್ಡು ಸಾಲದಾಗ, ಏನೂ ಇಲ್ಲದಿರುವುದಕ್ಕಿಂತ ಇದು ಎಷ್ಟೋ ಮೇಲು.

ಯಾವ ದಾರಿಯಾದರೂ ಕ್ಲ್ಯಾಂಪ್ ಮಾತ್ರ ಮಣ್ಣಲ್ಲಿ ಹೂಳಲೆಂದೇ ಮಾಡಿದ ಹಿತ್ತಾಳೆಯದೋ, ತಾಮ್ರದ್ದೋ, ಸ್ಟೇನ್‌ಲೆಸ್ ಸ್ಟೀಲಿನದೋ ಇರಲಿ. ಮಾಮೂಲಿ ಕ್ಲ್ಯಾಂಪ್ ತುಕ್ಕು ಹಿಡಿದರೆ ಮೇಲಿನದೆಲ್ಲ ವ್ಯರ್ಥ. ಅಲ್ಯೂಮಿನಿಯಂ ತಂತಿಯನ್ನು ಮಣ್ಣಿಗೆ ಹಾಕಲೇಬೇಡಿ. ಉಪ್ಪಿನಿಂದ ಕ್ಲೋರಿನ್ ಮಾಡುವ ಕೊಳವಾದರೆ ತುಕ್ಕು ಇನ್ನೂ ಬೇಗ ಬರುತ್ತದೆ. ಅಲ್ಲಿ ಬಾಂಡಿಂಗ್ ತಂತಿಗೆ ಒಂದು ಸತುವಿನ ಆನೋಡ್ ಸೇರಿಸುವುದುಂಟು. ಏಣಿಯ ಬದಲು ಅದು ಸವೆಯುತ್ತದೆ, ಸವೆದಾಗ ಬದಲಾಯಿಸುತ್ತಾ ಇರಬೇಕು.

ಫೈಬರ್‌ಗ್ಲಾಸ್ ತೊಟ್ಟಿ, ವಿನೈಲ್ ಹಾಳೆಯ ಕೊಳದವರು "ನಮ್ಮದು ಪ್ಲಾಸ್ಟಿಕ್, ನಮಗೇಕೆ?" ಅಂತ ಕೇಳುತ್ತಾರೆ. ತೊಟ್ಟಿಗೆ ಬಾಂಡಿಂಗ್ ಬೇಡ, ನಿಜ. ಸುತ್ತಲಿನ ನೆಲ, ಏಣಿ, ಪಂಪು, ಲೈಟಿನ ಲೋಹ, ಇವಕ್ಕೆಲ್ಲ ಬೇಕು. ನೀರಿಗೂ ಬೇಕು! ಪ್ಲಾಸ್ಟಿಕ್ ತೊಟ್ಟಿ, ಪ್ಲಾಸ್ಟಿಕ್ ಪೈಪು ಇರುವಲ್ಲಿ ನೀರು ಯಾವುದಕ್ಕೂ ತಾಗದೆ ಒಂಟಿಯಾಗಿ ಉಳಿದುಬಿಡುತ್ತದೆ. ಕನಿಷ್ಠ 58 ಚದರ ಸೆಂಟಿಮೀಟರ್, ಹೆಚ್ಚುಕಡಿಮೆ ಅಂಗೈಯಷ್ಟು, ತುಕ್ಕು ಹಿಡಿಯದ ಲೋಹ ನೀರಿಗೆ ತಾಗಿಕೊಂಡು ಬಾಂಡಿಂಗ್ ತಂತಿಗೆ ಸೇರಿರಬೇಕು. ಬಾಂಡ್ ಮಾಡಿದ ಸ್ಟೀಲ್ ಏಣಿ ನೀರಿಗೆ ಇಳಿದಿದ್ದರೆ ಅದೇ ಆಯಿತು. ಇಲ್ಲದಿದ್ದರೆ ಮೇಲೆ ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರ್ ಒಳಗೋ ಪೈಪಿನಲ್ಲೋ ಕೂರಿಸುವ ಚಿಕ್ಕ ಫಿಟ್ಟಿಂಗ್ ಸಿಗುತ್ತದೆ.

ಅಂಚಿನಿಂದ ಒಂದೂವರೆ ಮೀಟರ್ ಒಳಗಿನ ಲೋಹದ ಬೇಲಿ, ಕಿಟಕಿಯ ಚೌಕಟ್ಟು, ಶವರ್ ಪೈಪುಗಳನ್ನು ಎಲ್ಲರೂ ಮರೆಯುತ್ತಾರೆ. ಕೈಚಾಚಿದರೆ ಸಿಗುವ ಲೋಹವೆಲ್ಲ ಲೆಕ್ಕಕ್ಕೆ ಬರುತ್ತದೆ.

ಲೈಟು

ಇಲ್ಲಿ ಹೆಚ್ಚು ಯೋಚಿಸುವುದೇನಿಲ್ಲ. ಹೊಸ ಕೊಳಕ್ಕೆ 12 ವೋಲ್ಟಿನ ಎಲ್‌ಇಡಿ ಹಾಕಿಸಿ. ಐಇಸಿ 60364-7-702 ಪ್ರಕಾರ ನೀರಿನೊಳಗೆ 12 ವೋಲ್ಟ್ ಎಸಿ ಅಥವಾ 30 ವೋಲ್ಟ್ ಡಿಸಿಯ ಒಳಗೇ ಇರಬೇಕು. ಅದೂ ಮೇನ್ಸ್‌ನಿಂದ ಪೂರ್ತಿ ಬೇರ್ಪಟ್ಟ ಸೆಲ್ವ್ ಟ್ರಾನ್ಸ್‌ಫಾರ್ಮರ್‌ನಿಂದ ಬರಬೇಕು. 12 ವೋಲ್ಟ್ ಅಂತ ಬರೆದಿರುವ ಯಾವುದೋ ಅಡಾಪ್ಟರ್ ಇದಕ್ಕೆ ನಡೆಯುವುದಿಲ್ಲ. ಟ್ರಾನ್ಸ್‌ಫಾರ್ಮರ್ ಕೊಳದಿಂದ 3.5 ಮೀಟರ್ ಆಚೆ ಇದ್ದರೆ ತಲೆನೋವಿಲ್ಲ. ಒಂದೇ ತೊಂದರೆ ಎಂದರೆ 12 ವೋಲ್ಟಿನಲ್ಲಿ ಕೇಬಲ್ ಉದ್ದವಾದರೆ ಬೆಳಕು ಮಂಕಾಗುತ್ತದೆ, ದಪ್ಪ ಕೇಬಲ್ ಬೇಕು.

ಫೈಬರ್ ಆಪ್ಟಿಕ್ ಲೈಟಿನಲ್ಲಿ ನೀರಿಗೆ ಬರುವುದು ಬರೀ ಬೆಳಕು. ಸುರಕ್ಷತೆಯಲ್ಲಿ ಅದನ್ನು ಮೀರಿಸುವುದು ಯಾವುದೂ ಇಲ್ಲ. ದುಬಾರಿ, ಬೆಳಕೂ ಕಡಿಮೆ. ಹಳೆ ಕೊಳದಲ್ಲಿ ಮೇನ್ಸ್ ಲೈಟ್ ಇದ್ದು, ಅದರೊಳಗೆ ನೀರಿನ ಹನಿ ಕಂಡರೆ ಆ ಸರ್ಕ್ಯೂಟನ್ನು ಇವತ್ತೇ ಆಫ್ ಮಾಡಿ. ದುಡ್ಡು ಬಂದಾಗ ಬದಲಾಯಿಸಿ, ಅಲ್ಲಿಯವರೆಗೆ ಕತ್ತಲಲ್ಲಿ ಈಜಬೇಡಿ.

ಸಾಕೆಟ್ಟುಗಳದ್ದು ಅಳತೆಯ ವಿಷಯ. ಅಂಚಿನಿಂದ 2 ಮೀಟರ್ ಒಳಗೆ ಬೇಡವೇ ಬೇಡ. ಅಲ್ಲಿಂದ 3.5 ಮೀಟರಿನವರೆಗೆ ಆರ್‌ಸಿಡಿಯಂಥ ರಕ್ಷಣೆ ಇದ್ದರೆ ಮಾತ್ರ.

ನಿಮ್ಮದು ಯಾವ ಪರಿಸ್ಥಿತಿ?

ಹೊಸದಾಗಿ ಕಾಂಕ್ರೀಟ್ ಕೊಳ ಕಟ್ಟುತ್ತಿದ್ದರೆ ಕಂಬಿಯ ದಾರಿ, 12 ವೋಲ್ಟ್ ಲೈಟು, ಪಂಪಿಗೂ ಸಾಕೆಟ್ಟಿಗೂ ಬೇರೆ ಬೇರೆ ಆರ್‌ಸಿಡಿ. ದುಡ್ಡು ಬಿಗಿಯಾದರೆ ಲೈಟನ್ನು ಈಗ ಬಿಡಿ, ಖಾಲಿ ಪೈಪ್ ಮಾತ್ರ ಹಾಕಿಡಿ. ಹೀಟ್ ಪಂಪನ್ನೂ ಮುಂದಕ್ಕೆ ಹಾಕಬಹುದು, ಆದರೆ ಅದು ಕೂರುವ ಜಾಗದವರೆಗೆ ಬಾಂಡಿಂಗ್ ತಂತಿಯ ತುದಿ ಈಗಲೇ ಎಳೆದಿಡಿ. ಫೈಬರ್‌ಗ್ಲಾಸ್ ಆದರೆ, ಡೆಕ್ ಕಾಂಕ್ರೀಟಿಗೆ ಹೇಗೂ ಕಬ್ಬಿಣದ ಜಾಲರಿ ಹಾಕುತ್ತೀರಲ್ಲ, ಅದನ್ನೇ ಬಾಂಡ್ ಮಾಡಿಸಿ. ಜೊತೆಗೆ ನೀರಿನ ಫಿಟ್ಟಿಂಗ್.

ಹಳೆ ಕೊಳದವರ ಪಾಡು ಕಷ್ಟದ್ದು. ಸುತ್ತಲೂ ಒಡೆಯಲು ಮನಸ್ಸು ಬರುವುದಿಲ್ಲ, ಅರ್ಥವಾಗುತ್ತದೆ. ಮೊದಲು ಕೈಗೆ ಸಿಗುವುದನ್ನು ಮುಗಿಸಿ: ಪಂಪು, ಹೀಟರ್, ಏಣಿ, ಬೇಲಿ, ನೀರು. ಆರ್‌ಸಿಡಿ ಹೊಸದು ಹಾಕಿ. ಆಮೇಲೆ ನೀರಿಗೂ ಒದ್ದೆ ಡೆಕ್ಕಿಗೂ ನಡುವೆ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ವೋಲ್ಟೇಜ್ ಕಂಡರೆ ಕಾಯುವಂತಿಲ್ಲ, ಒಂದು ಪಟ್ಟಿ ಒಡೆದು ತಂತಿ ಹಾಕಲೇಬೇಕು. ಕಾಣದಿದ್ದರೆ ಡೆಕ್‌ನ ಟೈಲ್ಸ್ ಬದಲಾಯಿಸುವ ವರ್ಷಕ್ಕೆ ಈ ಕೆಲಸವನ್ನೂ ಸೇರಿಸಿಕೊಳ್ಳಿ. ನಡುವೆ ಮತ್ತೆ ಅಳೆಸುತ್ತಾ ಇರಿ, ಹೊರಗಿನ ಲೈನಿನ ಸ್ಥಿತಿ ಬದಲಾಗುತ್ತದೆ.

ಬೇಸಿಗೆಯಲ್ಲಿ ಹರಡಿ, ಆಮೇಲೆ ಮಡಚಿಡುವ ಕೊಳಕ್ಕೆ ನೆಲದೊಳಗೆ ತಂತಿ ಹೂಳುವ ಮಾತಿಲ್ಲ. ಅಲ್ಲಿ ಎಲ್ಲವೂ ಪಂಪಿನ ಮೇಲೆ ನಿಂತಿದೆ. ಅದಕ್ಕೆಂದೇ ಮಾಡಿದ ಡಬಲ್ ಇನ್ಸುಲೇಷನ್ ಪಂಪ್ ಇರಲಿ, ಆರ್‌ಸಿಡಿ ಇರುವ ಸಾಕೆಟ್ಟಿಗೆ ನೇರವಾಗಿ ಚುಚ್ಚಿ. ಎಕ್ಸ್‌ಟೆನ್ಷನ್ ಬಾಕ್ಸ್ ಹುಲ್ಲಿನ ಮೇಲೆ ಇಡುವುದು ಮಾತ್ರ ಬೇಡ.

ಯಾವ ಕೊಳದಲ್ಲಾದರೂ ಯಾರಿಗಾದರೂ ಜುಮ್ ಅಂದರೆ ಏಣಿ ಮುಟ್ಟದೆ ಮೇಲೆ ಬರಲಿ. ಒಳಗೆ ಯಾರಾದರೂ ಒದ್ದಾಡುತ್ತಿದ್ದರೆ ನೀವು ಹಾರಬೇಡಿ, ಮೊದಲು ಮೇನ್ ಆಫ್ ಮಾಡಿ. ಆಮೇಲೆ ಒಣಗಿದ ಫೈಬರ್ ಕೋಲೋ, ಗಾಳಿ ತುಂಬಿದ ರಿಂಗೋ ಚಾಚಿ ಎಳೆಯಿರಿ.

ಕಾಂಕ್ರೀಟ್ ಸುರಿಯುವ ಹಿಂದಿನ ಸಂಜೆ ಒಂದು ಸುತ್ತು ಹಾಕಿ ಪ್ರತಿ ಕ್ಲ್ಯಾಂಪಿನ ಫೋಟೋ ತೆಗೆದಿಡಿ, ಪಕ್ಕದಲ್ಲಿ ಅಳತೆ ಟೇಪ್ ಹಿಡಿದು. ಏಣಿಯ ಗೂಡಿನಿಂದ ಪಂಪಿನ ತಂತಿಯವರೆಗೆ ಲೋ ಓಮ್ ಮೀಟರಿನಲ್ಲಿ ಅಳೆಸಿ. 8 ಗೇಜಿನ ಆ ತಾಮ್ರಕ್ಕೆ ಹತ್ತು ಮೀಟರಿಗೆ 0.02 ಓಮ್ ಅಷ್ಟೇ, ಅದಕ್ಕಿಂತ ತೀರಾ ಜಾಸ್ತಿ ಬಂದರೆ ಎಲ್ಲೋ ಕ್ಲ್ಯಾಂಪ್ ಸಡಿಲ. ಮಾಮೂಲಿ ಮಲ್ಟಿಮೀಟರಿನ ವೈರಿನಲ್ಲೇ ಅದಕ್ಕಿಂತ ಜಾಸ್ತಿ ಇರುತ್ತದೆ, ಅದನ್ನು ನೆಚ್ಚಬೇಡಿ.

ನೆಂಟರ ಮನೆಯ ಪಂಪಿನ ಆ ತಂತಿಗೆ ನಾನು ಒಂದು ಪ್ಲಾಸ್ಟಿಕ್ ಚೀಟಿ ಕಟ್ಟಿ ಬಂದಿದ್ದೆ, ಮಾರ್ಕರ್‌ನಲ್ಲಿ ಬರೆದು: "ಪಂಪ್ ಬದಲಾಯಿಸಿದರೆ ಇದನ್ನು ಹೊಸ ಪಂಪಿಗೆ ಬಿಗಿಯಿರಿ." ಮೊನ್ನೆ ಅಲ್ಲಿ ಮತ್ತೆ ಪಂಪ್ ಬದಲಾಯಿತಂತೆ. ಫೋಟೋ ಕಳಿಸಿದ್ದರು. ಚೀಟಿಯ ಅಕ್ಷರ ಮಾಸಿಹೋಗಿದೆ, ತಂತಿ ತಿರುಪಿನಲ್ಲಿದೆ.